ವೈಫೈ ಪೆಟ್ಟಿಗೆಗೆ ಬೀಗ ಹಾಕಿದ ನನ್ನ ಸೊಸೆ

ಕಾವ್ಯ, ಪೆನ್ನು ಹಿಡಿದೆಯಾ? ಹಾಗಾದರೆ ಬರೆ. ಕಾಪುವಿನಿಂದ ಪಡುಬಿದ್ರಿಯವರೆಗೆ ಹನ್ನೊಂದು ಮನೆಗಳಲ್ಲಿ ವೈಫೈ ಪೆಟ್ಟಿಗೆಗೆ ಬೀಗ ಹಾಕಿಕೊಟ್ಟವಳು ನನ್ನ ಸೊಸೆ ಸ್ವರ್ಣಲತಾ. ಬೀಗ ಎಂದರೆ ಕಬ್ಬಿಣದ್ದಲ್ಲ. ಮಕ್ಕಳು ನೋಡಬಾರದ್ದು ಮನೆಯೊಳಗೆ ನುಗ್ಗದ ಹಾಗೆ ಆ ಪೆಟ್ಟಿಗೆಯಲ್ಲೇ ಮಾಡಿಡುವ ಕಟ್ಟುಪಾಡು. ಮಾಡಿದವಳು ಇಂಜಿನಿಯರ್ ಅಲ್ಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೆಳಿಗ್ಗೆ ಮಲ್ಪೆ ಬಂದರಿನ ಏಲಂನಲ್ಲಿ ಹರಾಜು ಕೂಗಿ ಮೀನು ತೆಗೆದುಕೊಂಡು, ಉಡುಪಿಯ ಮಾರ್ಕೆಟಿನಲ್ಲಿ ಕುಳಿತು ಮಾರಿ, ಉಳಿದದ್ದನ್ನು ಸ್ಕೂಟರಿನ ಐಸ್ ಪೆಟ್ಟಿಗೆಯಲ್ಲಿ ಮಣಿಪಾಲದ ಮನೆಗಳಿಗೆ ಮುಟ್ಟಿಸಿ ಬರುವವಳು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆ.

ನಮ್ಮ ಮೀನು ಮಾರುವ ಹೆಂಗಸರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತಲ್ಲ, ಪುಸ್ತಕ ತರುತ್ತಾರಂತೆ. ಪ್ರತಿ ಮನೆಯಿಂದ ಒಬ್ಬಳ ಕತೆ ಕೊಡಿ ಎಂದರು, ಬರೆದುಕೊಳ್ಳಲಿಕ್ಕೆ ಪಕ್ಕದ ಮನೆಯ ನಿನ್ನನ್ನೇ ಕಳಿಸಿದರು. ಎಲ್ಲರೂ ತಮ್ಮ ತಮ್ಮ ಕಷ್ಟ ಬರೆಸುತ್ತಿದ್ದಾರೆ. ಕಷ್ಟ ಯಾರಿಗಿಲ್ಲ? ನನ್ನ ಮಂಡಿನೋವು ಒಂದನ್ನೇ ಬರೆಸಿದರೆ ಪುಸ್ತಕ ತುಂಬೀತು. ನಾನು ಗೆದ್ದ ಕತೆ ಬರೆಸುತ್ತೇನೆ, ಆ ಹನ್ನೊಂದರಲ್ಲಿ ಮೊದಲನೆಯದಾದ ನಮ್ಮ ಮನೆಯದ್ದು. ಗೆದ್ದವಳು ನಾನಲ್ಲ, ನನ್ನ ಸೊಸೆ. ಆದರೆ ಅವಳನ್ನು ಈ ಮನೆಗೆ ತಂದವಳು ನಾನು ತಾನೆ?

ಅವಳನ್ನು ಮೊದಲು ನೋಡಿದ್ದು ಅವಳ ತಾಯಿಯ ಮನೆಯಲ್ಲಿ. ನಾನು ಹೋದಾಗ ಬೂತಾಯಿ ಮೀನು ಸರಿಮಾಡುತ್ತಿದ್ದಳು. ಬೆಕ್ಕು ಬಂದು ಕೂತಿತ್ತು. ಬೇರೆ ಹುಡುಗಿಯಾಗಿದ್ದರೆ ಹತ್ತು ಸಲ ಎದ್ದು ಬೆಕ್ಕನ್ನು ಓಡಿಸುತ್ತಿದ್ದಳು. ಇವಳು ಕೂತಲ್ಲಿಂದ ಏಳಲಿಲ್ಲ. ಪಾತ್ರೆಯ ಮೇಲೆ ಮಣೆ ಮುಚ್ಚಿ, ಒಂದೊಂದೇ ಮೀನು ತೆಗೆದು ಕೆಲಸ ಮುಂದುವರಿಸಿದಳು. ಈ ಹುಡುಗಿಗೆ ತಲೆ ಉಂಟು ಎಂದು ನಾನು ಆವತ್ತೇ ತೀರ್ಮಾನಿಸಿದೆ. ನಲವತ್ತು ವರ್ಷ ನಾನು ಕೂತು ಮಾರಿದ ಮಾರ್ಕೆಟಿನ ಜಾಗವನ್ನು ಮದುವೆಯಾದ ಮೂರನೇ ವರ್ಷ ಅವಳಿಗೇ ಬಿಟ್ಟುಕೊಟ್ಟೆ. ಆ ಜಾಗದ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊ.

ನನ್ನ ಮಗ ಧನರಾಜ್ ದೊಡ್ಡ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು. ಹೋದರೆ ಹತ್ತು ದಿನ ಸಮುದ್ರದಲ್ಲೇ. ಮನೆಯಲ್ಲಿ ನಾನು, ಸ್ವರ್ಣಲತಾ, ಹತ್ತನೇ ಕ್ಲಾಸಿನ ಮೊಮ್ಮಗಳು ಚೈತನ್ಯಾ, ನಾಲ್ಕನೇ ಕ್ಲಾಸಿನ ಮೊಮ್ಮಗ ಜಿತೇಂದ್ರ. ಅವನನ್ನು ಜೀತು ಎಂದೇ ಕರೆಯುವುದು. ಚೈತನ್ಯಾ ಗಣಿತದಲ್ಲಿ ಇಪ್ಪತ್ತೊಂಬತ್ತು ಮಾರ್ಕು ತಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತವಳು. ಆಮೇಲೆ ಕಾರ್ಕಳದ ಲಿಯೋನೆಲ್ ಸರ್ ನೆಟ್ಟಿನಲ್ಲಿ ಸಂಜೆ ಆರರಿಂದ ಏಳರವರೆಗೆ ಪಾಠ ಮಾಡಲಿಕ್ಕೆ ಶುರುಮಾಡಿದರು. ಅರವತ್ತೊಂದಕ್ಕೆ ಏರಿತು ನೋಡು! ನಮ್ಮ ಮನೆಯೊಳಗೆ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ಬಾವಿಕಟ್ಟೆಯ ಹತ್ತಿರ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಒಂದು ಗೀಟು ಕಾಣುತ್ತದೆ. ಹಾಗಾಗಿ ಪಾಠ ಬರಬೇಕಾದರೆ ಗೋಡೆಯ ಮೇಲಿನ ಆ ವೈಫೈ ಪೆಟ್ಟಿಗೆಯೇ ಗತಿ.

ಆದರೆ ಅಕ್ಕನಿಗೆ ಗಣಿತ ತಂದ ಪೆಟ್ಟಿಗೆ ತಮ್ಮನಿಗೆ ಬೇರೆ ಏನೇನೋ ತಂದಿತು. ಧನರಾಜನ ಹಳೆಯ ಫೋನು ಜೀತುವಿನ ಕೈಯಲ್ಲಿತ್ತು. ಆಟ ಆಡುತ್ತಾನೆ ಎಂದುಕೊಂಡಿದ್ದೆವು. ಹುಡುಗ ಹಗಲು ಹೊತ್ತಿನಲ್ಲೂ ಒಬ್ಬನೇ ಬಚ್ಚಲಿಗೆ ಹೋಗಲು ಹೆದರಲಿಕ್ಕೆ ಶುರುಮಾಡಿದ. ಎಂತ ನೋಡಿದನೋ ಏನೋ, ಕೇಳಿದರೆ ಬಾಯಿ ಬಿಡುವುದಿಲ್ಲ. ಒಂದು ದಿನ ಬೋಟಿನ ಮಾಲಕರು ಉಮಾನಾಥಣ್ಣ ಗೃಹಪ್ರವೇಶಕ್ಕೆ ಹೇಳಲಿಕ್ಕೆ ಹೆಂಡತಿಯ ಜೊತೆ ಮನೆಗೆ ಬಂದರು. ಎಲ್ಲರೂ ಕೂತು ಬೆಲ್ಲ ನೀರು ಕುಡಿಯುವಾಗ ಜೀತು ಅವರ ಹೆಂಡತಿಯ ಹತ್ತಿರ ಒಂದು ಪ್ರಶ್ನೆ ಕೇಳಿದ. ಏನು ಪ್ರಶ್ನೆ ಎಂದು ನಾನು ಬರೆಸುವುದಿಲ್ಲ. ನೀನೂ ಕೇಳಬೇಡ. ಪಾಪದ ಮಗು, ಅರ್ಥ ಗೊತ್ತಿಲ್ಲದೆ ಕೇಳಿದ್ದು. ಆದರೆ ಆ ಹೆಂಗಸಿನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅವರು ಹೋದ ಮೇಲೆ ಧನರಾಜ್ ಎದ್ದು ಪೆಟ್ಟಿಗೆಯ ವಯರಿಗೇ ಕೈ ಹಾಕಿದ. ಚೈತನ್ಯಾ ಅಡ್ಡ ನಿಂತಳು.

"ಪಪ್ಪ, ನನ್ನ ಪಾಠ!"

"ನಾವೆಲ್ಲ ಪಾಠ ಕಲೀಲಿಲ್ವಾ? ಈ ಡಬ್ಬಿಯಿಂದ ಕಲಿತದ್ದಾ?"

ಸ್ವರ್ಣಲತಾ ಮೆಲ್ಲ ಹೇಳಿದಳು, "ನೀವೂ ಒಂಬತ್ತನೇಲಿ ಬಿಟ್ಟದ್ದು, ನಾನೂ ಏಳನೇಲಿ ಬಿಟ್ಟದ್ದು. ಅದನ್ನು ಕಲಿತದ್ದು ಅಂತ ಹೇಳ್ಬೇಡಿ. ವಯರ್ ಬಿಡಿ. ನಾನು ಎಂತಾದ್ರೂ ಮಾಡ್ತೇನೆ."

"ಎಂತ ಮಾಡ್ತಿ ನೀನು? ಅದಕ್ಕೆ ಮೀನಿಗೆ ಹಾಕಿದ ಹಾಗೆ ಐಸ್ ಹಾಕ್ತೀಯಾ?"

"ನೀವು ಟ್ರಿಪ್ ಮುಗಿಸಿ ಬನ್ನಿ. ಬಂದ ದಿನ ಅದರಲ್ಲಿ ಕೆಟ್ಟದ್ದು ಒಂದು ಕಂಡ್ರೂ ನಾನೇ ಕಿತ್ತು ಕೊಡ್ತೇನೆ."

ಹತ್ತು ದಿನದ ಮಾತು. ಅವನು ಚೀಲ ಹೆಗಲಿಗೆ ಹಾಕಿ ಮಲ್ಪೆಗೆ ಹೋದ. ಚೈತನ್ಯಾ ಅಮ್ಮನ ಮುಖ ನೋಡಿದಳು. ಸ್ವರ್ಣಲತಾ ಪೆಟ್ಟಿಗೆಯ ಮುಖ ನೋಡಿದಳು. ಅದು ಮಿಣಿ ಮಿಣಿ ಎನ್ನುತ್ತಿತ್ತು.

ಈಗ ವಿಲ್ಮಾ ಬಾಯಿಯ ವಿಷಯ ಹೇಳಬೇಕು; ಕ್ರಿಶ್ಚಿಯನ್ ಅಕ್ಕಂದಿರನ್ನು ನಾವು ಗೌರವಕ್ಕೆ ಬಾಯಿ ಎನ್ನುವುದು. ಮಣಿಪಾಲದಲ್ಲಿ ನಮ್ಮ ಸ್ವರ್ಣಲತಾ ಮೀನು ಕೊಡುವ ಮನೆಗಳಲ್ಲಿ ಅದೊಂದು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ, ಶನಿವಾರ ಮಧ್ಯಾಹ್ನ ಮನೆಯಲ್ಲಿರುತ್ತಾರೆ. ಕಾಣೆ ಮೀನು ಎಂದರೆ ಪ್ರಾಣ. ಆದರೆ ಕಿವಿರು ಎತ್ತಿ ಎತ್ತಿ ನೋಡಿ, ಮೂಸಿ, ಬೆರಳು ಒತ್ತಿ, ಅರ್ಧ ಗಂಟೆ ಮಾಡದೆ ತೆಗೆದುಕೊಳ್ಳುವುದಿಲ್ಲ. ಆ ಶನಿವಾರ ಸ್ವರ್ಣಲತಾ ಅವರು ಮೂಸಿ ಮುಗಿಸುವವರೆಗೂ ತಾಳ್ಮೆಯಿಂದ ಕಾದು ಕೇಳಿದಳು.

"ಬಾಯಿ, ನಿಮ್ಮ ಕಾಲೇಜಿನಲ್ಲಿ ಅಷ್ಟು ಮಕ್ಕಳು ಇದ್ದಾರಲ್ಲ, ಅವರು ಕೆಟ್ಟದ್ದು ನೋಡದ ಹಾಗೆ ನೀವು ಎಂತ ಮಾಡುವುದು?"

"ಯಾಕೆ ಸ್ವರ್ಣ? ನಿನ್ನ ಗಂಡ ನೋಡ್ತಾನಾ?"

"ಅವರು ಸಮುದ್ರದಲ್ಲಿ ಇದ್ದಾರೆ ಬಾಯಿ, ಅವರಿಗೆ ಬಂಗುಡೆ ನೋಡಿಯೇ ಸಾಕಾಗಿದೆ. ಮಗ."

ವಿಲ್ಮಾ ಬಾಯಿ ಮೀನು ಕೆಳಗಿಟ್ಟು ಕೈ ತೊಳೆದು ಕಾಗದ ತಂದರು. ಪೆಟ್ಟಿಗೆಯ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ವಿಳಾಸ, ಪಾಸ್‌ವರ್ಡ್ ಎರಡೂ ಉಂಟು, ಅದನ್ನು ಫೋನಿನಲ್ಲಿ ಹೊಡೆದರೆ ಪೆಟ್ಟಿಗೆಯ ಒಳಬಾಗಿಲು ತೆರೆಯುತ್ತದೆ ಎಂದು ಹೇಳಿಕೊಟ್ಟರು. ಮೊದಲ ಕೆಲಸ, ಆ ಪಾಸ್‌ವರ್ಡ್ ಬದಲಿಸುವುದು. ಇಲ್ಲದಿದ್ದರೆ ಹುಡುಗ ಚೀಟಿ ಓದಿ ತಾನೇ ಬೀಗ ತೆಗೆಯುತ್ತಾನೆ. ಒಳಗೆ ಹೋದರೆ ಮನೆಯ ಫೋನುಗಳೆಲ್ಲ ಸಾಲಾಗಿ ಕಾಣುತ್ತವೆ. ಮಕ್ಕಳ ಫೋನಿಗೆ ಕೆಟ್ಟ ಜಾಗಗಳಿಗೆ ಹೋಗುವ ದಾರಿ ಮುಚ್ಚಬಹುದು, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಎಂದು ಸಮಯವನ್ನೂ ಕೊಡಬಹುದು. ಎಲ್ಲವನ್ನೂ ಕನ್ನಡದಲ್ಲಿ ಬರೆದು ಚಿತ್ರ ಮಾಡಿ ಕೊಟ್ಟರು. ಆ ಕಾಗದ ಈಗಲೂ ನಮ್ಮ ದೇವರ ಪಟದ ಹಿಂದೆ ಉಂಟು, ಕಾಣೆ ಮೀನಿನ ವಾಸನೆಯ ಸಮೇತ.

ಸ್ವರ್ಣಲತಾ ಆ ಸಂಜೆ ಸ್ನಾನ ಮಾಡಿ, ತಲೆ ಬಾಚಿ, ಪರೀಕ್ಷೆಗೆ ಕೂತವಳ ಹಾಗೆ ಕೂತಳು. ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಚೈತನ್ಯಾಳ ಹತ್ತಿರ ಕೇಳಿ ಕೇಳಿ ಒತ್ತಿದಳು. ಬಾಗಿಲು ತೆರೆಯಿತು! ಹೊಸ ಪಾಸ್‌ವರ್ಡ್ ಏನಿಟ್ಟಳು ಎಂದು ನನಗೂ ಹೇಳಲಿಲ್ಲ. ಜೀತುವಿನ ಫೋನನ್ನು ಮಕ್ಕಳ ಸಾಲಿಗೆ ಹಾಕಿದಳು. ಪರೀಕ್ಷೆ ಮಾಡಿ ನೋಡಿದೆವು. ತೆರೆಯಬಾರದ್ದು ತೆರೆಯಲಿಲ್ಲ. ನಾನು ಆ ಖುಷಿಯಲ್ಲಿ ಎರಡು ತುಂಡು ಅಂಜಲ್ ಮೀನು ಹೆಚ್ಚು ಹುರಿಸಿಕೊಂಡೆ.

ಎರಡೇ ದಿನ. ಮೂರನೇ ದಿನ ಜೀತು ಹಳೆಯ ರಾಗ ಶುರುಮಾಡಿದ, ಮಂಚದ ಅಡಿಯಲ್ಲಿ ಕೂತು ನೋಡುತ್ತಿದ್ದ. ಕಿವಿ ಹಿಡಿದಾಗ ಗುಟ್ಟು ಹೊರಬಂತು. ಈಗಿನ ಫೋನುಗಳು ಪೆಟ್ಟಿಗೆಯ ಹತ್ತಿರ ತಮ್ಮ ನಿಜವಾದ ನಂಬರ್, ಕರೆ ಮಾಡುವುದಲ್ಲ, ಪೆಟ್ಟಿಗೆ ಗುರುತು ಹಿಡಿಯುವ ನಂಬರ್, ಹೇಳುವುದಿಲ್ಲವಂತೆ, ಸುಳ್ಳು ನಂಬರ್ ಹೇಳುತ್ತವಂತೆ. ಸೆಟ್ಟಿಂಗಿನಲ್ಲಿ ಒಂದು ಕಡೆ ಒತ್ತಿದರೆ ನಂಬರೇ ಬದಲಾಗುತ್ತದೆ. ಪೆಟ್ಟಿಗೆ ಪಾಪ, ಯಾರೋ ಹೊಸ ನೆಂಟರು ಬಂದರು ಎಂದುಕೊಂಡು ಬಾಗಿಲು ತೆರೆಯುತ್ತದೆ. ಶಾಲೆಯಲ್ಲಿ ದೊಡ್ಡ ಹುಡುಗರು ಕಲಿಸಿಕೊಟ್ಟದ್ದು. ಸ್ವರ್ಣಲತಾ ಆ ಹೊಸ ನಂಬರನ್ನೂ ತಡೆದಳು. ಅವನು ಇನ್ನೊಂದು ಸಲ ಬದಲಿಸಿದ. ಇವಳು ತಡೆದಳು, ಅವನು ಬದಲಿಸಿದ. ಬೋಟು ಬರಲಿಕ್ಕೆ ಐದು ದಿನ ಉಳಿದಿತ್ತು. ಚೈತನ್ಯಾ ಊಟ ಬಿಟ್ಟು ಕೂತಳು.

"ಅಮ್ಮ, ಪಪ್ಪ ಬಂದು ಕಿತ್ತೇ ಕೀಳ್ತಾರೆ. ನಾನು ಲಿಯೋನೆಲ್ ಸರಿಗೆ ಈಗ್ಲೇ ಹೇಳಿಬಿಡ್ತೇನೆ, ಇನ್ನು ಬರುವುದಿಲ್ಲ ಅಂತ."

"ಬಾಯಿ ಮುಚ್ಚು. ಊಟ ಮಾಡು," ಎಂದಳು ಸ್ವರ್ಣಲತಾ. ಅವಳು ಗದರಿಸುವುದು ಕಡಿಮೆ. ಗದರಿಸಿದಳು ಎಂದರೆ ಒಳಗೆ ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದು ಅರ್ಥ.

ಮರುದಿನ ಮಾರ್ಕೆಟಿನಲ್ಲಿ ಅವಳಿಗೆ ಹೊಳೆಯಿತು. ಈಗ ಆ ಜಾಗದ ಮಾತು ಬಂತು ನೋಡು. ನಮ್ಮ ಮಾರ್ಕೆಟಿನಲ್ಲಿ ಪ್ರತಿಯೊಬ್ಬಳಿಗೂ ಅವಳವಳ ಜಾಗ ಉಂಟು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬರುವುದು. ಹೊರಗಿನಿಂದ ಯಾರಾದರೂ ಬುಟ್ಟಿ ತಂದು ನಡುವೆ ಕೂತರೆ, ನೀನು ಯಾರು, ನಿನ್ನ ಊರು ಯಾವುದು ಎಂದು ನಾವು ವಿಚಾರಿಸುತ್ತಾ ಕೂರುವುದಿಲ್ಲ. ಇವತ್ತು ಕೆಂಪು ಸೀರೆಯಲ್ಲಿ ಬರಲಿ, ನಾಳೆ ನೀಲಿ ಸೀರೆಯಲ್ಲಿ ಬರಲಿ, ಜಾಗ ಇದ್ದವಳು ಕೂರುತ್ತಾಳೆ, ಇಲ್ಲದವಳು ಏಳುತ್ತಾಳೆ. ಅಷ್ಟೇ ನಮ್ಮ ಕಾನೂನು. ಆವತ್ತು ಯಾವಳೋ ಒಬ್ಬಳು ಸ್ವರ್ಣಲತಾಳ ಪಕ್ಕದಲ್ಲಿ ಬುಟ್ಟಿ ಇಟ್ಟಳಂತೆ. ಹೆಂಗಸರೆಲ್ಲ ಒಟ್ಟಿಗೆ ತಿರುಗಿ ನೋಡಿದರು, ಅವಳು ಬುಟ್ಟಿ ಎತ್ತಿಕೊಂಡು ನಡೆದಳು. ಸ್ವರ್ಣಲತಾ ಕೈಯಲ್ಲಿದ್ದ ಬಂಗುಡೆಯನ್ನು ತೂಗದೆ ಹಾಗೇ ಹಿಡಿದು ಕೂತಳಂತೆ. ಗಿರಾಕಿ, "ಎಂತ ಮಾರಾಯ್ತಿ, ಮೀನು ಕೊಡ್ತೀಯಾ ಇಲ್ವಾ?" ಎಂದು ಕೇಳಿದ ಮೇಲೆ ಎಚ್ಚರವಾದದ್ದು.

ಅಲ್ಲಿಂದಲೇ ವಿಲ್ಮಾ ಬಾಯಿಗೆ ಫೋನು.

"ಬಾಯಿ, ಬೇಡದವರ ಪಟ್ಟಿ ಮಾಡಿ ಸಾಕಾಯ್ತು ನನಗೆ. ಬೇಕಾದವರ ಪಟ್ಟಿ ಮಾಡ್ಲಿಕ್ಕೆ ಆಗುವುದಿಲ್ವಾ? ಜಾಗ ಇದ್ದವರು ಕೂರ್ಲಿ, ಬಾಕಿಯವರು ಯಾವ ವೇಷದಲ್ಲಿ ಬಂದ್ರೂ ಹೊರಗೆ."

ಆ ಕಡೆ ವಿಲ್ಮಾ ಬಾಯಿ ನಗಲಿಕ್ಕೆ ಶುರುಮಾಡಿದರು.

"ಸ್ವರ್ಣ, ಇದನ್ನು ನಮ್ಮ ಹುಡುಗರ ತಲೆಗೆ ಹಾಕ್ಲಿಕ್ಕೆ ನನಗೆ ಒಂದು ವಾರ ಬೇಕು. ನೀನು ಮೀನು ತೂಗ್ತಾ ಕಂಡುಹಿಡಿದೆ ಅಲ್ವಾ! ಆಗ್ತದೆ, ಖಂಡಿತ ಆಗ್ತದೆ. ಕಾಗದ ತೆಗೀ."

ಆ ಸಂಜೆ ಸ್ವರ್ಣಲತಾ ಮನೆಯ ಫೋನುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದರಲ್ಲೂ ಸುಳ್ಳು ನಂಬರ್ ತೆಗೆಸಿ ನಿಜವಾದದ್ದನ್ನು ಹೊರಡಿಸಿ ಬರೆದುಕೊಂಡಳು. ದೊಡ್ಡವರ ಸಾಲಿಗೆ ಅವಳ ಫೋನು, ನನ್ನ ಫೋನು. ಮಕ್ಕಳ ಸಾಲಿಗೆ ಚೈತನ್ಯಾಳ ಟ್ಯಾಬು, ಜೀತುವಿನ ಫೋನು. ಜೀತುವಿಗೆ ಸಂಜೆ ಒಂದು ಗಂಟೆ ಮಾತ್ರ. ಈ ನಾಲ್ಕು ಬಿಟ್ಟರೆ ಬೇರೆ ಯಾವುದಕ್ಕೂ ಜಾಗ ಇಲ್ಲ. ಜೀತು ನಂಬರ್ ಬದಲಿಸಿ ನೋಡಿದ. ಪೆಟ್ಟಿಗೆ ಬಾಗಿಲು ತೆರೆಯಲಿಲ್ಲ. ಮತ್ತೆ ಬದಲಿಸಿದ. ಇಲ್ಲ. ಕೊನೆಗೆ ನಿಜವಾದ ನಂಬರಿಗೇ ವಾಪಸು ಬಂದು ಮಕ್ಕಳ ಸಾಲಿನಲ್ಲಿ ಮುಖ ಊದಿಸಿ ಕೂತ.

ಗೆದ್ದೆವು ಎಂದುಕೊಂಡೆಯಾ? ಇಲ್ಲ ಮಗಾ. ಇನ್ನೊಂದು ತೂತು ಇತ್ತು. ಆ ತೂತು ನಾನು.

ಮಧ್ಯಾಹ್ನ ಊಟ ಆದ ಮೇಲೆ ನಾನು ಫೋನಿನಲ್ಲಿ ಯಕ್ಷಗಾನ ಹಾಕಿಕೊಂಡು ಒರಗುವುದು ನಿನಗೆ ಗೊತ್ತಲ್ಲ. ಆ ಭಾನುವಾರ ಜೀತು ಬಂದು, "ಅಜ್ಜೀ, ಮಂಡಿ ಒತ್ಲಾ?" ಎಂದು ಕೇಳಿದ. ಎಂಥಾ ಪ್ರೀತಿಯ ಮಗು ಎಂದು ನಾನು ಕಾಲು ಚಾಚಿದೆ. ಚೆಂಡೆಯ ಸದ್ದು ಕೇಳುತ್ತಾ ಕೇಳುತ್ತಾ ಕಣ್ಣು ಎಳೆಯಿತು. ಒಂದು ಕೈ ನನ್ನ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಫೋನು! ದೊಡ್ಡವರ ಸಾಲಿನ ಫೋನು, ಎಲ್ಲಾ ಬಾಗಿಲು ತೆರೆದದ್ದು. ಸ್ವರ್ಣಲತಾ ಮಣಿಪಾಲದಿಂದ ಬಂದವಳು ಬಾಗಿಲಲ್ಲೇ ಹಿಡಿದಳು. ನನಗೆ ಎಚ್ಚರವಾದಾಗ ಅವಳು ಮಂಚದ ತುದಿಯಲ್ಲಿ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

"ಮಾಮಿ, ನಿಮ್ಮ ಫೋನನ್ನೂ ಮಕ್ಕಳ ಸಾಲಿಗೆ ಹಾಕ್ಲಾ?"

ನನಗೆ ಎಷ್ಟು ಸಿಟ್ಟು ಬಂತು ಗೊತ್ತುಂಟಾ! ಎಪ್ಪತ್ತೆರಡು ವರ್ಷದ ನಾನು, ಮಾರ್ಕೆಟಿನಲ್ಲಿ ಪೊಲೀಸರ ಹತ್ತಿರವೂ ಜಗಳ ಮಾಡಿದ ನಾನು, ನಾಲ್ಕನೇ ಕ್ಲಾಸಿನವನ ಸಾಲಿಗೆ! "ನಿನ್ನ ಮನೆ, ನಿನ್ನ ಪೆಟ್ಟಿಗೆ, ಎಂತ ಬೇಕಾದ್ರೂ ಮಾಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಚಹಾ ಕೂಡ ಕುಡಿಯಲಿಲ್ಲ. ಅವಳು ನನ್ನನ್ನು ಕೇಳದೆ ಮಾಡಬಹುದಿತ್ತು. ಮಾಡಲಿಲ್ಲ, ಕಾದಳು. ಆರು ಗಂಟೆಗೆ ಆಚೆ ಕೋಣೆಯಿಂದ ಲಿಯೋನೆಲ್ ಸರ್ ಧ್ವನಿ ಬಂತು. ಅವರು ಏನೋ ಪ್ರಶ್ನೆ ಕೇಳಿದರು. ನಮ್ಮ ಚೈತನ್ಯಾ ತಡವರಿಸದೆ ಉತ್ತರ ಹೇಳಿದಳು. "ವೆರಿ ಗುಡ್ ಚೈತನ್ಯಾ," ಎಂದರು. ಬಾಗಿಲ ಹಿಂದೆ ನಿಂತು ಅತ್ತ ಹುಡುಗಿ ಅವಳೇನಾ! ನಾನು ಎದ್ದು ಫೋನನ್ನು ತಂದು ಸ್ವರ್ಣಲತಾಳ ಮಡಿಲಿಗೆ ಹಾಕಿದೆ.

"ಹಾಕು. ಆದ್ರೆ ನನ್ನ ಯಕ್ಷಗಾನ ಬರ್ಬೇಕು."

ಬಂತು. ಪೂರ್ತಿ ಬಂತು. ಇಸ್ಪೀಟಿನ ಜಾಹೀರಾತಿಗೆ ಬೆರಳು ತಾಗಿದರೆ ಮೊದಲೆಲ್ಲ ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತಿತ್ತು, ಅದು ಮಾತ್ರ ನಿಂತಿತು. ಯಾರಿಗೆ ನಷ್ಟ?

ಧನರಾಜನ ಬೋಟು ಒಂದು ದಿನ ಮೊದಲೇ ಬಂತು. ಈಗ ನಮ್ಮ ಮನೆಯ ಒಂದು ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ. ಗಂಡಸು ಸಮುದ್ರದಲ್ಲಿ ಇರುವಾಗ ನಾವು ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಕಿ ಅಳೆಯುವಾಗ ಮನೆಯಲ್ಲಿ ಇದ್ದವರಿಗೆ ಮಾತ್ರ ಅಳೆಯುವುದು. ಯಾವಾಗ ಬರುತ್ತಾನೆ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಅವನು ಅಂಗಳಕ್ಕೆ ಕಾಲಿಟ್ಟ ಮೇಲೆಯೇ ಅವನ ಪಾಲಿನ ಅಕ್ಕಿ ಪಾತ್ರೆಗೆ ಬೀಳುವುದು. ನನ್ನ ಅತ್ತೆ ಹಾಗೆ ಮಾಡಿದ್ದು, ನಾನೂ ಹಾಗೆಯೇ. ಸ್ವರ್ಣಲತಾ ಫೋನುಗಳನ್ನೂ ಅಕ್ಕಿ ಅಳೆದ ಹಾಗೆಯೇ ಅಳೆದಿದ್ದಳು. ಚಾಪೆಯ ಮೇಲೆ ನಾಲ್ಕೇ ಫೋನು ಇಟ್ಟದ್ದು. ಐದನೆಯದು ನಮ್ಮ ಒಬ್ಬರ ತಲೆಗೂ ಬರಲಿಲ್ಲ.

ಧನರಾಜ್ ಅಂಗಳಕ್ಕೆ ಬಂದವನೇ ಚೀಲ ಇಳಿಸಿ ಜಗಲಿಯಲ್ಲಿ ಕೂತು ಫೋನು ತೆಗೆದ. "ನೋಡುವ ನಿನ್ನ ಬೀಗ," ಎಂದ. ಒತ್ತಿದ. ಇನ್ನೊಂದು ಸಲ ಒತ್ತಿದ. ಎದ್ದು ಪೆಟ್ಟಿಗೆಯ ಕೆಳಗೆ ಹೋಗಿ ಫೋನನ್ನು ಆರತಿ ಎತ್ತಿದ ಹಾಗೆ ಎತ್ತಿ ಹಿಡಿದ.

"ಎಂತ ಇದು ಸ್ವರ್ಣ? ನನ್ನ ಮನೆಯ ನೆಟ್ಟು ನನಗೇ ಇಲ್ವಾ?"

ಸ್ವರ್ಣಲತಾ ಸೌಟು ಹಿಡಿದು ಹೊರಗೆ ಬಂದಳು. ವಿಷಯ ತಿಳಿದದ್ದೇ ಸೌಟಿನ ಸಮೇತ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ.

"ನಿನಗೆ ಜಾಗ ಇಲ್ಲ ಮಗಾ," ಎಂದೆ.

ಅವನು ಬಿಡುವವನಾ? ನನ್ನ ಫೋನು ಕಿತ್ತುಕೊಂಡ. ಒಂಬತ್ತು ದಿನ ಸಮುದ್ರದಲ್ಲಿ ಕೂತು ಯೋಚನೆ ಮಾಡಿ ಬಂದಿದ್ದ ಎಂದು ಕಾಣುತ್ತದೆ, ಏನೇನೋ ಹೊಡೆದ. ತೆರೆಯಲಿಲ್ಲ. ಚೈತನ್ಯಾಳ ಟ್ಯಾಬಿನಲ್ಲಿ ನೋಡಿದ. ತೆರೆಯಲಿಲ್ಲ. ಕೊನೆಗೆ ಜೀತುವನ್ನು ಕರೆದು ಹಳೆಯ ಫೋನು ಅವನ ಕೈಗೆ ಕೊಟ್ಟ.

"ನೀನು ಹಾಕು ನೋಡುವ. ಆವತ್ತು ನೋಡಿದ್ದು ಹಾಕು. ನಾನು ಬೈಯುವುದಿಲ್ಲ."

ಜೀತು ಫೋನು ಮುಟ್ಟಲೂ ಇಲ್ಲ. ಮುದುಕನ ಹಾಗೆ ಉಸಿರು ಬಿಟ್ಟು ಹೇಳಿದ, "ಆಗುವುದಿಲ್ಲ ಪಪ್ಪ. ನಾನು ಎಲ್ಲಾ ಮಾಡಿ ನೋಡಿದ್ದೇನೆ. ಅಜ್ಜಿಯ ಫೋನಿನಲ್ಲೂ ಆಗುವುದಿಲ್ಲ ಈಗ."

ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು? ಇಷ್ಟು ಹೇಳಿ ಅವನು ಎದ್ದು ಬಚ್ಚಲಿಗೆ ಹೋದ. ಒಬ್ಬನೇ. ಧನರಾಜ್ ಅದನ್ನೂ ನೋಡಿದ.

ಅಷ್ಟರಲ್ಲಿ ಆರು ಗಂಟೆ. ಟ್ಯಾಬಿನಲ್ಲಿ ಲಿಯೋನೆಲ್ ಸರ್ ಬಂದರು. ಧನರಾಜ್ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತ, ಕಾಲು ಕೂಡ ತೊಳೆದಿರಲಿಲ್ಲ. ಗಣಿತ ಅವನಿಗೆ ಎಂತ ಅರ್ಥ ಆಯಿತೋ ನನಗೆ ಗೊತ್ತಿಲ್ಲ. ಮಗಳು ಉತ್ತರ ಹೇಳಿದಾಗಲೆಲ್ಲ ತಲೆ ಆಡಿಸುತ್ತಿದ್ದ, ಉತ್ತರ ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಪಾಠ ಮುಗಿದ ಮೇಲೆ ಅಡುಗೆಮನೆಗೆ ಹೋದ. ಹೆಂಡತಿಯ ಮುಂದೆ ಫೋನು ಇಟ್ಟ.

"ಡಬ್ಬಿ ಇರ್ಲಿ," ಎಂದ. "ನನಗೂ ಒಂದು ಜಾಗ ಕೊಡು ಮಾರಾಯ್ತಿ."

"ಮೊದಲು ಕೈಕಾಲು ತೊಳ್ಕೊಂಡು ಬನ್ನಿ," ಎಂದಳು ಸ್ವರ್ಣಲತಾ. ಇನ್ನೊಬ್ಬರ ಅಕ್ಕಿ ಅಳೆದು ತೊಳೆದು ಒಲೆಯ ಮೇಲಿಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿ ಅವನ ಫೋನು ತೆಗೆದುಕೊಂಡು, ಸುಳ್ಳು ನಂಬರ್ ತೆಗೆಸಿ, ನಿಜವಾದದ್ದನ್ನು ಬರೆದುಕೊಂಡಳು.

"ಯಾವ ಸಾಲಿಗೆ ಹಾಕ್ತಿ?" ಎಂದು ಕೇಳಿದ ಅವನು.

"ಸದ್ಯ ಮಕ್ಕಳ ಸಾಲಿಗೆ," ಎಂದಳು. "ಹತ್ತು ದಿನ ನೋಡುವ."

ಅದೇ ಸಾಲಿನವಳಾದ ನಾನು ಒಲೆಯ ಬದಿಯಲ್ಲಿ ಸ್ವಲ್ಪ ಸರಿದು ಅವನಿಗೆ ಕೂರಲಿಕ್ಕೆ ಜಾಗ ಮಾಡಿಕೊಟ್ಟೆ.